ಎಡಚಿಯ ರೈಫಲ್ ಕತೆ (ಎನ್‌ಸಿಸಿ ಡೈರಿ, ಭಾಗ 4)

ಫೈರಿಂಗ್‌ನಲ್ಲಿ ನನ್ನ ಗ್ರೂಪಿಂಗ್ ಹಾಳಾದದ್ದು ಹಿಂದಿನ ಪೋಸ್ಟ್‌ನಲ್ಲಿ ಹೇಳಿದ್ದೆ ಅಲ್ದಾ? ಯಾಕೆ ಅಂತ ಸುಮಾರು ಜನ ಕೇಳಿದ್ರಿ. ಉತ್ತರ ಸ್ವಲ್ಪ ಉದ್ದ. ಬಸ್ಸಲ್ಲಿ ಸೀಟು ಸಿಕ್ಕಿದ ಮೇಲೆ ಓದಿ.

ನಾನು ಎಡಚಿ. ನಮ್ಮ .22 ರೈಫಲ್ ಬೋಲ್ಟ್ ಆ್ಯಕ್ಷನ್. ಪ್ರತಿ ಗುಂಡಿಗೂ ಬೋಲ್ಟಿನ ಹಿಡಿ ಎತ್ತಬೇಕು, ಹಿಂದೆ ಎಳೆಯಬೇಕು, ಮುಂದೆ ತಳ್ಳಬೇಕು, ಕೆಳಗೆ ಮಡಚಬೇಕು. ಹಿಡಿ ಇರೋದು ಬಲಕ್ಕೆ. ಬಲಗೈಯವರಿಗೆ ಟ್ರಿಗರ್ ಒತ್ತುವ ಕೈಯೇ ಆ ಕೆಲಸ ಮಾಡುತ್ತೆ, ಎಡಗೈ ರೈಫಲ್ ಹೊತ್ತುಕೊಂಡೇ ಇರುತ್ತೆ. ನನಗೆ ಹೊರುವ ಕೈಯೇ ಬಲಗೈ. ಅದನ್ನು ತೆಗೆದರೆ ರೈಫಲ್ ಕೆಳಗೆ ಕೂರುತ್ತೆ, ಕೆನ್ನೆ ಜಾಗ ತಪ್ಪುತ್ತೆ. ಐದು ಗುಂಡು ಹೊಡೆದೆ: ಒಂದು ಬೈಂದೂರಿಗೆ, ಒಂದು ಕುಂದಾಪುರಕ್ಕೆ, ಒಂದು ಬ್ರಹ್ಮಾವರಕ್ಕೆ, ಉಳಿದೆರಡು ಸಮುದ್ರಕ್ಕೆ! ಟೀಮಿಗೆ ಹೆಸರು ಬರಲಿಲ್ಲ. "ಬಲಗೈಯಲ್ಲಿ ಕಲಿ, ಇಲ್ಲಾಂದ್ರೆ ಬಿಡು" ಅಂದರು ಒಬ್ಬರು. ರಾತ್ರಿ ಕಂಬಳಿಯೊಳಗೆ ಅತ್ತೆ.

ಆಮೇಲೆ ಬಯಾಥ್ಲಾನ್ ವಿಡಿಯೋ ಕಂಡೆ. ಹಿಮದಲ್ಲಿ ಸ್ಕೀ ಮಾಡಿ ಬಂದು, ಏದುಸಿರಲ್ಲೇ 50 ಮೀಟರ್ ದೂರದ ಐದು ಗುರಿಗೆ ಹೊಡೆಯುವ ಆಟ. ಅವರದು ಸ್ಟ್ರೇಟ್-ಪುಲ್ ರೈಫಲ್. ಎತ್ತೋದಿಲ್ಲ, ಮಡಚೋದಿಲ್ಲ. ತೋರುಬೆರಳಲ್ಲಿ ಹಿಂದೆ, ಹೆಬ್ಬೆರಳಲ್ಲಿ ಮುಂದೆ, ಅಷ್ಟೇ. ಕೆನ್ನೆ ಅಲುಗೋದೇ ಇಲ್ಲ. ತಪ್ಪು ನನ್ನದಲ್ಲ, ರೈಫಲಿನದ್ದು ಅಂತ ಖುಷಿಯಾಯ್ತು.

ಬ್ರಹ್ಮಾವರದಲ್ಲಿ ಮಿಲಿಟರಿಯಿಂದ ರಿಟೈರ್ ಆದ ನಮ್ಮ ಮಾವ ಇದ್ದಾರೆ. ಅವರ ಹತ್ರ ವಾದಕ್ಕೆ ಹೋದೆ. ಅವರು ಕೇಳಿದ್ದು ಒಂದೇ: "ಹೆಣೆ, ಮಳ್ಗಾಲ್ದಗೆ ಕೊಟ್ಟಿಗಿ ಬಾಗ್ಲ್ ಬೋಲ್ಟ್ ಹ್ಯಾಂಗ್ ತೆಗುದ್, ಹೇಳ್ ಕಾಂಬ?"

ನೇರ ಎಳೆದರೆ ಬರೋದಿಲ್ಲ. ತುಕ್ಕು ಹಿಡಿದಿರುತ್ತೆ. ಮೊದಲು ಮೇಲೆ ಕೆಳಗೆ ತಿರುಗಿಸಿ ಸಡಿಲ ಮಾಡಬೇಕು, ಆಮೇಲೆ ಎಳೆಯಬೇಕು.

ರೈಫಲ್‌ಗೂ ಅದೇ ಲೆಕ್ಕ. ಹಿಡಿ ಎತ್ತುವಾಗಲೇ ಕಚ್ಚಿಕೊಂಡ ಖಾಲಿ ತೋಟಾ ಸಡಿಲ ಆಗುತ್ತೆ. ಸ್ಟ್ರೇಟ್-ಪುಲ್‌ನಲ್ಲಿ ಆ ಬಲ ಕಡಿಮೆ. 1915ರಲ್ಲಿ ಈಪ್ರ್ ಯುದ್ಧದಲ್ಲಿ ಕೆನಡಾ ಸೈನಿಕರ ಕೈಲಿದ್ದದ್ದು ಸ್ಟ್ರೇಟ್-ಪುಲ್ ರಾಸ್ ರೈಫಲ್. ಗುರಿ ಚೆನ್ನಾಗಿತ್ತು. ಆದರೆ ಕೆಸರು, ಬಿಸಿ, ಅಳತೆಗೆ ಹೊಂದದ ತೋಟಾ ಸೇರಿ ಬೋಲ್ಟ್ ಸಿಕ್ಕಿಹಾಕಿಕೊಂಡಿತು. ಬೂಟಿನಲ್ಲಿ ಒದ್ದು ತೆಗೆದರಂತೆ. 1916ರಲ್ಲಿ ಅದನ್ನು ಬಿಟ್ಟು ಲೀ-ಎನ್‌ಫೀಲ್ಡ್ ಹಿಡಿದರು. ಅದೇ .303 ನಮ್ಮ ದೇಶದಲ್ಲಿ ಎಷ್ಟು ಬಾಳಿತು ಅಂದರೆ, ಉತ್ತರ ಪ್ರದೇಶ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವಕ್ಕೆ!

ಹಾಗಂತ ಸ್ಟ್ರೇಟ್-ಪುಲ್ ಕೆಟ್ಟದ್ದಲ್ಲ. ಸ್ವಿಸ್ ಸೇನೆ 1931ರಲ್ಲಿ ತಂದ ಕೆ31 ಅದೇ ಜಾತಿ, ಒಳ್ಳೇ ಹೆಸರು ಮಾಡಿತು. ಅದು ಉಳಿಸೋದು ಸಮಯ. ಗುರಿ ಕಲಿಸೋದಿಲ್ಲ. ಅದರ ಹಿಡಿಗೂ ಬಲ-ಎಡ ಇದ್ದೇ ಇದೆ.

"ಗ್ರೂಪಿಂಗಂಗೆ ನಿನ್ನ ಬೆನ್ನ್ ಹತ್ತದರ್ ಯಾರೂ ಇಲ್ಲೆ. ಎಂತಕ್ ಗಡಿಬಿಡಿ?" ಅಂದರು ಮಾವ.

ಅವತ್ತಿಂದ ಜಗಲಿಯಲ್ಲಿ ಮಲಗಿ ಅಜ್ಜಯ್ಯನ ಕೊಡೆ ಹಿಡಿದು ಅಭ್ಯಾಸ. ಕೈ ತೆಗೆ, ಬೋಲ್ಟ್ ಎಳೆದ ಹಾಗೆ ಮಾಡು, ಮತ್ತೆ ಅದೇ ಜಾಗಕ್ಕೆ ಕೈ, ಅದೇ ಜಾಗಕ್ಕೆ ಕೆನ್ನೆ, ಉಸಿರು. ಅಮ್ಮ ನಗಾಡಿದ್ದೇ ನಗಾಡಿದ್ದು.

ಮುಂದಿನ ಫೈರಿಂಗ್‌ನಲ್ಲಿ ಎಲ್ಲರೂ ಎದ್ದ ಮೇಲೂ ನಾನೊಬ್ಬಳೇ ಮಲಗಿದ್ದೆ. ನಾಲ್ಕು ತೂತು ಒಟ್ಟಿಗೆ, ಒಂದು ಮಾತ್ರ ಹೊರಗೆ. ಟೀಮ್ ಅಷ್ಟೊತ್ತಿಗೆ ಭರ್ತಿ. ಆದರೂ ಆ ಹಾಳೆ ನನ್ನ ಟ್ರಂಕಲ್ಲಿದೆ. ಎಡಗೈಯಲ್ಲೇ ಹೊಡೆದದ್ದು.

ಕ್ಲಾಸಿನ ಎಡಚರೆಲ್ಲ ಕಮೆಂಟಲ್ಲಿ ಬನ್ನಿ. ನಿಮ್ಮ ಕೈಗೆ ಹೊಂದದ ವಸ್ತು ಯಾವುದು? ಭಾಗ 5 ಮುಂದಿನ ಭಾನುವಾರ.

#ಎಡಚಿ #ಎನ್‌ಸಿಸಿಡೈರಿ #ಕುಂದಾಪ್ರಕನ್ನಡ