ಬುಗುರಿ ಅಣುಗಳ ಜಾಡಿನಲ್ಲಿ ಅಟಕಾಮ

ದಕ್ಷಿಣ ಅಮೆರಿಕದ ಚಿಲಿ ದೇಶದ ಉತ್ತರ ಭಾಗದಲ್ಲಿ, ಆಂಡಿಸ್ ಪರ್ವತಗಳ ಮಗ್ಗುಲಲ್ಲಿ ಅಟಕಾಮ ಮರುಭೂಮಿ ಹರಡಿಕೊಂಡಿದೆ. ಜಗತ್ತಿನ ಅತ್ಯಂತ ಒಣ ಪ್ರದೇಶಗಳಲ್ಲಿ ಇದೂ ಒಂದು. ಇಲ್ಲಿನ ಸ್ಯಾನ್ ಪೆಡ್ರೊ ಎಂಬ ಪುಟ್ಟ ಊರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬೆಟ್ಟದ ದಾರಿ ಹಿಡಿದರೆ ಮೊದಲು ಆಳೆತ್ತರದ ಕಳ್ಳಿಗಿಡಗಳು, ಮುಂದೆ ಒಣಹುಲ್ಲಿನ ಕುಚ್ಚುಗಳು, ಕೊನೆಗೆ ಬರಿಯ ಮಣ್ಣು ಮತ್ತು ಕಲ್ಲು. 5,000 ಮೀಟರ್ ಎತ್ತರದಲ್ಲಿ ತೆರೆದುಕೊಳ್ಳುವುದು ಚಾಹ್ನಂಟೋರ್ ಪ್ರಸ್ಥಭೂಮಿ. ಅಲ್ಲಿ ಬೃಹತ್ ಬೋಗುಣಿಗಳಂತೆ ಆಕಾಶಕ್ಕೆ ಮುಖ ಮಾಡಿ ನಿಂತಿವೆ 66 ಆಂಟೆನಾಗಳು. ಇದೇ 2013ರಲ್ಲಿ ಉದ್ಘಾಟನೆಯಾದ ‘ಆಲ್ಮಾ’ ವೀಕ್ಷಣಾಲಯ.

ಇಷ್ಟು ದುರ್ಗಮ ಜಾಗವೇ ಏಕೆ ಬೇಕಿತ್ತು? ಉತ್ತರ ಅಣುಗಳ ತಿರುಗಾಟದಲ್ಲಿದೆ.

ಅನಿಲದ ಅಣುಗಳು ಬುಗುರಿಯಂತೆ ತಿರುಗುತ್ತಿರುತ್ತವೆ. ಬುಗುರಿಯ ವೇಗ ಮೆಲ್ಲಮೆಲ್ಲನೆ ಇಳಿಯುತ್ತದೆ, ಅಣುವಿನದು ಹಾಗಲ್ಲ. ಅದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದಂತೆ ನಿಗದಿತ ಪ್ರಮಾಣದಲ್ಲೇ ಶಕ್ತಿ ಬಿಡಬೇಕು. ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ ವಿದ್ಯುದಂಶ ಹೊಂದಿದ್ದರೆ ಆ ಶಕ್ತಿ ಅಲೆಯಾಗಿ ಹೊರಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೊನೆಯ ಮೆಟ್ಟಿಲು ಇಳಿದಾಗ ಹೊಮ್ಮುವ ಅಲೆಯ ಉದ್ದ 2.6 ಮಿಲಿಮೀಟರ್. ಅಣುವಿನ ತೂಕ, ಆಕಾರ ಬದಲಾದರೆ ಮೆಟ್ಟಿಲುಗಳ ಅಂತರವೂ ಬದಲಾಗುತ್ತದೆ. ಹಾಗಾಗಿ ಈ ಅಲೆಗಳ ಸಾಲು ಅಣುವಿನ ಬೆರಳಚ್ಚು ಇದ್ದಂತೆ.

ತೊಡಕಿರುವುದು ನಮ್ಮ ಗಾಳಿಯಲ್ಲೇ. ನೀರಿನ ಅಣುವೂ ಇಂಥದೇ ಬುಗುರಿ. ದೂರದಿಂದ ಬಂದ ಅಲೆಯನ್ನು ನುಂಗಿ ತಾನು ಮೇಲಿನ ಮೆಟ್ಟಿಲಿಗೆ ಏರಿಬಿಡುತ್ತದೆ. ಬೆರಳಚ್ಚು ನೆಲ ಮುಟ್ಟುವ ಮೊದಲೇ ಅಳಿಸಿಹೋಗುತ್ತದೆ. ಚಾಹ್ನಂಟೋರ್‌ನಲ್ಲಿ ಈ ಕಾಟ ಕಡಿಮೆ. ಒಳ್ಳೆಯ ದಿನಗಳಲ್ಲಿ ಅಲ್ಲಿನ ಆಕಾಶದ ಆವಿಯನ್ನೆಲ್ಲ ಹಿಂಡಿ ನೆಲದ ಮೇಲೆ ಹರಡಿದರೂ ಒಂದು ಮಿಲಿಮೀಟರ್ ದಪ್ಪದ ನೀರು ಸಿಗದು.

ಅಲೆಗಳಿಗೆ ಅನುಕೂಲವಾದ ಈ ಗಾಳಿ ಮನುಷ್ಯರಿಗೆ ಕಷ್ಟ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಆದ್ದರಿಂದ ನಿಯಂತ್ರಣ ಕೊಠಡಿ ಕೆಳಗೆ, 2,900 ಮೀಟರ್ ಎತ್ತರದಲ್ಲಿದೆ. ಆಂಟೆನಾಗಳ ಜಾಗ ಬದಲಿಸಲು 28 ಚಕ್ರಗಳ ಎರಡು ದೈತ್ಯ ವಾಹನಗಳಿವೆ. ಆಂಟೆನಾಗಳನ್ನು 16 ಕಿಲೋಮೀಟರ್‌ವರೆಗೆ ಚದುರಿಸಿದಷ್ಟೂ ಸೂಕ್ಷ್ಮ ವಿವರಗಳು ತಿಳಿಯುತ್ತವೆ.

ಈ ಶ್ರಮಕ್ಕೆ ಫಲವೂ ಸಿಕ್ಕಿದೆ. 400ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನಂತೆ ಬೆಳೆಯಲಿರುವ ಎಳೆಯ ನಕ್ಷತ್ರವೊಂದಿದೆ. ಅದರ ಸುತ್ತಲಿನ ಅನಿಲದಲ್ಲಿ ಗ್ಲೈಕಾಲ್ಡಿಹೈಡ್ ಎಂಬ ಅತಿ ಸರಳ ಸಕ್ಕರೆಯ ಬೆರಳಚ್ಚು ಆಲ್ಮಾಕ್ಕೆ ದೊರೆತದ್ದು 2012ರಲ್ಲಿ ಪ್ರಕಟವಾಯಿತು. ಸಕ್ಕರೆ ಇದ್ದ ಮಾತ್ರಕ್ಕೆ ಅಲ್ಲಿ ಜೀವವಿದೆ ಎಂದಲ್ಲ. ಆದರೆ ಗ್ರಹಗಳು ಹುಟ್ಟುವ ಮೊದಲೇ ಜೀವಕ್ಕೆ ಬೇಕಾದ ಕೆಲವು ಸಾಮಗ್ರಿ ಸಿದ್ಧವಾಗಿರಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಹನಿ ನೀರಿಗೂ ಬರವಿರುವ, ಹುಲ್ಲೂ ಚಿಗುರದ ನೆಲದಿಂದಲೇ ಮನುಷ್ಯ ಆ ಸಾಕ್ಷಿಯನ್ನು ಓದಬೇಕಾಯಿತು.