ಪೀಣ್ಯದಿಂದ ಬಾರಾಲಾಚಾದವರೆಗೆ

“ಅಮ್ಮೀ, ರಜೆ ಸಿಕ್ಕಿತು!”

2022ರ ಆಗಸ್ಟ್‌ನ ಒಂದು ರಾತ್ರಿ ಮಗ ಬಾಗಿಲಲ್ಲೇ ನಿಂತು ಕೂಗಿದ. ಪೀಣ್ಯದ ನಮ್ಮ ಮನೆಯಿಂದ ವೈಟ್‌ಫೀಲ್ಡ್‌ನ ಅವನ ಆಫೀಸಿಗೆ ಹೋಗಿ ಬರಲು ದಿನಕ್ಕೆ ನಾಲ್ಕು ತಾಸು ಬೇಕು. ಟ್ರಾಫಿಕ್‌ನಲ್ಲಿ ಕುಳಿತು ಅವನು ಎರಡು ವರ್ಷ ಕಂಡ ಕನಸು ಒಂದೇ. ಮನಾಲಿಯಿಂದ ಲೇಹ್‌ಗೆ ಬೈಕಿನಲ್ಲಿ ಹೋಗುವುದು. ಅದಕ್ಕೆಂದೇ ಸಂಬಳ ಉಳಿಸಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೊಂಡಿದ್ದ. ಡಾಂಬರಿಗೂ ಸೈ, ಕಲ್ಲುಮಣ್ಣಿಗೂ ಸೈ ಎಂಬಂಥ ಗಾಡಿ ಅದು. ಮುಂದಿನ ಚಕ್ರ 21 ಇಂಚು, ನೆಲದಿಂದ ಎತ್ತರ 220 ಮಿ.ಮೀ. ಹಳ್ಳ ದಾಟುವಾಗ ಹೊಟ್ಟೆಗೆ ಕಲ್ಲು ತಾಗುವುದಿಲ್ಲ.

ಅವನನ್ನು ತಡೆಯಲು ನಾನು ಮಾಡದ ಪ್ರಯತ್ನವಿಲ್ಲ. ಕೊನೆಗೆ, “ಹೋಗುವುದೇ ಆದರೆ ನಾನೂ ಬರುತ್ತೇನೆ” ಎಂದುಬಿಟ್ಟೆ. ಹೆದರಿ ಸುಮ್ಮನಾಗುತ್ತಾನೆಂದು ಎಣಿಸಿದ್ದೆ. ಅವನು ಮರುದಿನವೇ ನನ್ನ ಅಳತೆಯ ಹೆಲ್ಮೆಟ್ ತಂದ!

ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವ ನಲವತ್ತಾರರ ಹೆಂಗಸು ಬೈಕ್ ಏರುತ್ತಾಳೆಂದು ಕೇಳಿ ನೆರೆಯವರು ನಕ್ಕರು. ಉಡುಪಿನ ಬಗ್ಗೆ ಕೇಳಿದವರೇ ಹೆಚ್ಚು. ಸಡಿಲ ಬುರ್ಖಾದ ಅಂಚು ಚಕ್ರಕ್ಕೋ ಚೈನಿಗೋ ಸಿಕ್ಕಿಕೊಳ್ಳುವ ಅಪಾಯ ನಮ್ಮ ಬೀದಿಯಲ್ಲೂ ಇದೆ. ಹಾಗಾಗಿ ದಪ್ಪ ಶಲ್ವಾರ್, ಮೊಣಕಾಲಿನವರೆಗಿನ ಅಗಲವಾದ ಕೋಟು, ಬಿಗಿಯಾಗಿ ಕಟ್ಟಿದ ಸ್ಕಾರ್ಫ್, ಅದರ ಮೇಲೆ ಹೆಲ್ಮೆಟ್. ಪರ್ದಾಕ್ಕೂ ಕೊರತೆಯಿಲ್ಲ, ಚಳಿಗೂ ಸರಿಯಾಯಿತು.

ಪೆಟ್ರೋಲ್ ಪೂರ್ತಿ ಬಸಿದು, ಗೋಣಿ ಸುತ್ತಿ, ಬೈಕನ್ನು ಯಶವಂತಪುರದಿಂದ ಚಂಡೀಗಢಕ್ಕೆ ರೈಲಿನ ಪಾರ್ಸೆಲ್‌ನಲ್ಲಿ ಕಳಿಸಿದೆವು. ನಾವೂ ಸಂಪರ್ಕ ಕ್ರಾಂತಿ ರೈಲು ಹತ್ತಿದೆವು. ಅವನ ಆಫೀಸಿನ ಗೆಳೆಯರಿಬ್ಬರು ತಮ್ಮ ಬೈಕುಗಳೊಂದಿಗೆ ನಮಗಿಂತ ಒಂದು ದಿನ ಮುಂದಿದ್ದರು. ಮಗನ ಬಳಿ ಕಂಪ್ಯೂಟರಿನಲ್ಲಿ ತಯಾರಿಸಿದ ಪಟ್ಟಿಯಿತ್ತು. ಮೊದಲ ರಾತ್ರಿ ಮನಾಲಿ, ಎರಡನೆಯದು ಕೇಲಾಂಗ್, ಮೂರನೆಯದು ಸರ್ಚೂ, ನಾಲ್ಕನೆಯದು ಲೇಹ್. ಒಂದು ದಿನವೂ ಬಿಡುವಿರಲಿಲ್ಲ.

ಮನಾಲಿ ದಾಟಿದ ಮೇಲೆ ಮೊದಲೆಲ್ಲ 3,978 ಮೀಟರ್ ಎತ್ತರದ ರೋಹ್ತಾಂಗ್ ಘಟ್ಟವನ್ನು ಹತ್ತಿ ಇಳಿಯಬೇಕಿತ್ತು. 2020ರ ಅಕ್ಟೋಬರ್‌ನಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗ ಆ ಕಷ್ಟವನ್ನು ತಪ್ಪಿಸಿದೆ. ಹಸಿರು ದೇವದಾರುಗಳ ನಡುವೆ ಒಳಹೊಕ್ಕವರು ಬೋಳು ಬೆಟ್ಟಗಳ ಲಾಹೌಲ್‌ನಲ್ಲಿ ಹೊರಬಿದ್ದೆವು. ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಸೇರುತ್ತವೆ. ಮುಂದೆ ಅದೇ ಚಿನಾಬ್. ಅಲ್ಲಿ ಟ್ಯಾಂಕ್ ತುಂಬಿಸಿ, ಎರಡು ಕ್ಯಾನ್‌ಗಳಲ್ಲೂ ಪೆಟ್ರೋಲ್ ತುಂಬಿಕೊಂಡೆವು. ಕೇಲಾಂಗ್‌ನಲ್ಲಿ ರಾತ್ರಿ ಕಳೆಯಿತು. ಎತ್ತರ ಸುಮಾರು 3,080 ಮೀಟರ್.

ಮರುದಿನ ಬಿಸ್ಮಿಲ್ಲಾಹ್ ಎಂದು ಹೊರಟು ಭಾಗಾ ನದಿಯ ಜೊತೆಯಲ್ಲೇ ಮೇಲೇರಿದೆವು. ಜಿಸ್ಪಾ, ದಾರ್ಚಾ, ಪಟ್ಸಿಯೋ. ಮರಗಳು ಮಾಯವಾದವು. ರಸ್ತೆಗೆ ಅಡ್ಡವಾಗಿ ಹಿಮ ಕರಗಿದ ನೀರಿನ ನಾಲಾಗಳು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಬಿಸಿಲೇರಿದಂತೆ ಮೊಣಕಾಲಿಗೆ ಬರುತ್ತದೆಯಂತೆ. ಪ್ರತಿ ನಾಲಾದಲ್ಲೂ ನಾನು ಇಳಿದು ಕಲ್ಲಿನಿಂದ ಕಲ್ಲಿಗೆ ದಾಟುತ್ತಿದ್ದೆ. ಅವನು ಮೊದಲ ಗೇರಿನಲ್ಲಿ ಬೈಕ್ ದಾಟಿಸುತ್ತಿದ್ದ. ಏರಿನಲ್ಲಿ ಇಂಜಿನ್ನೂ ಏದುಸಿರು ಬಿಡುತ್ತಿತ್ತು.

ಜಿಂಗ್‌ಜಿಂಗ್‌ಬಾರ್‌ನ ಚಹಾ ಡೇರೆಯ ಮುಂದೆ ನಿಲ್ಲಿಸಿದಾಗ ಮಗ ಇಳಿದು ತೂರಾಡಿದ. ಪಟ್ಸಿಯೋದಿಂದಲೇ ತಲೆನೋವಿತ್ತಂತೆ, ನನಗೆ ಹೇಳಿರಲಿಲ್ಲ. ಚಹಾ ಕುಡಿದದ್ದು ವಾಂತಿಯಾಯಿತು. ಬಲಗೈ ಗ್ಲೌಸನ್ನು ಎಡಗೈಗೆ ಹಾಕಿಕೊಳ್ಳಲು ಹೆಣಗುತ್ತಿದ್ದ. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವ ಇಪ್ಪತ್ತನಾಲ್ಕರ ಹುಡುಗ! ಮಂಡಿನೋವಿನ ನನಗೆ ಏನೂ ಆಗಿರಲಿಲ್ಲ.

“ಸರ್ಚೂ ಇನ್ನೇನು ದೂರವಿಲ್ಲ ಅಮ್ಮೀ. ಅಲ್ಲಿ ಮಲಗಿದರೆ ಸರಿಹೋಗುತ್ತದೆ. ಗೆಳೆಯರು ಲೇಹ್‌ನಲ್ಲಿ ಕಾಯುತ್ತಾರೆ.”

ಡೇರೆಯ ಹೆಂಗಸು ತಲೆಯಾಡಿಸಿದಳು. ಅವಳು ಹಿಂದಿಯಲ್ಲಿ ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಸರ್ಚೂ 4,290 ಮೀಟರ್ ಎತ್ತರದಲ್ಲಿದ್ದರೂ ಘಟ್ಟಗಳ ನಡುವಿನ ಗುಂಡಿಯಿದ್ದಂತೆ. ಹಿಂದೆ ಬಾರಾಲಾಚಾ, ಮುಂದೆ ನಕೀಲಾ, ಲಾಚುಲುಂಗ್‌ಲಾ. ರಾತ್ರಿ ಕಾಯಿಲೆ ಹೆಚ್ಚಾದರೆ ಯಾವ ಕಡೆಗೆ ಹೊರಟರೂ ಮೊದಲು ಮೇಲೇರಲೇಬೇಕು. ಇಲ್ಲಿಂದಾದರೆ ಕೆಳಗಿಳಿಯುವ ದಾರಿ ಇನ್ನೂ ತೆರೆದಿದೆ.

ನಾನು ಬೈಕಿನ ಕೀಲಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡೆ. ಮಗ ನನ್ನ ಮೇಲೆ ಅಷ್ಟು ಸಿಟ್ಟಾದದ್ದು ಅದೇ ಮೊದಲು. ತೂರಾಡುವವನ ಕೈಗೆ ಬೈಕ್ ಕೊಡುವಂತಿರಲಿಲ್ಲ, ನನಗೆ ಓಡಿಸಲು ಬಾರದು. ಕೆಳಗೆ ಹೋಗುತ್ತಿದ್ದ ಖಾಲಿ ಪಿಕಪ್ ಗಾಡಿಯ ಚಾಲಕ ಬೈಕನ್ನು ಹಗ್ಗದಿಂದ ಬಿಗಿದು, ನಮ್ಮನ್ನೂ ಕೂರಿಸಿಕೊಂಡು ಕೇಲಾಂಗ್‌ನ ಆಸ್ಪತ್ರೆಗೆ ಬಿಟ್ಟ.

ಆಮ್ಲಜನಕ ಕೊಡುತ್ತಾ ವೈದ್ಯರು ವಿವರಿಸಿದರು. ಐದು ಸಾವಿರ ಮೀಟರ್ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು. ಅದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ವಯಸ್ಸು, ಕಸುವು ಲೆಕ್ಕಕ್ಕೆ ಬರುವುದಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಮಗನ ಪಟ್ಟಿಯಲ್ಲಿ ಕೇಲಾಂಗ್‌ನಿಂದ ಸರ್ಚೂಗೆ ಒಂದೇ ದಿನ 1,200 ಮೀಟರ್ ಏರಿಕೆಯಿತ್ತು! ತಲೆನೋವು, ವಾಕರಿಕೆ ಮೊದಲ ಎಚ್ಚರಿಕೆ. ನಡಿಗೆ ತಪ್ಪಿದರೆ ಮಿದುಳು ಊದಿಕೊಳ್ಳುತ್ತಿರಬಹುದು, ತಡಮಾಡದೆ ಇಳಿಯಲೇಬೇಕು ಎಂದರು.

ಮರುದಿನ ತಲೆನೋವು ಬಿಟ್ಟಿತು, ಮಾತು ಮಾತ್ರ ಬರಲಿಲ್ಲ. ಗೆಳೆಯರು ಲೇಹ್‌ನಿಂದ ಕಳಿಸಿದ ಫೋಟೋಗಳನ್ನು ನೋಡುತ್ತಾ ಮಲಗಿದ್ದ. ಸಂಜೆ ಅವನ ಅಬ್ಬಾ ಫೋನ್ ಮಾಡಿದರು. ಇಪ್ಪತ್ತೆರಡು ವರ್ಷದಿಂದ ಪೀಣ್ಯದ ಮಷಿನ್ ಶಾಪಿನಲ್ಲಿ ದುಡಿಯುವವರು. “ಬೇಟಾ, ಚಳಿಗಾಲದ ಬೆಳಿಗ್ಗೆ ನಾವು ಸ್ಪಿಂಡಲನ್ನು ನಿಧಾನವಾಗಿ ತಿರುಗಿಸಿ ಬಿಸಿ ಮಾಡಿಯೇ ಪೂರ್ತಿ ವೇಗಕ್ಕೆ ಬಿಡುವುದು. ಆರ್ಡರ್ ಎಷ್ಟೇ ಅರ್ಜೆಂಟ್ ಇರಲಿ. ಅವಸರ ಮಾಡಿದರೆ ಹಾಳಾಗುವುದು ಮಷಿನ್ನೇ” ಎಂದರು. ಮಗ ಮೊದಲ ಬಾರಿ ನಕ್ಕ.

ಅಂದು ನಾವಿಬ್ಬರೂ ಇಶಾದ ನಾಲ್ಕು ರಕಅತ್‌ಗಳನ್ನು ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಎರಡಾಗಿ ನಿರ್ವಹಿಸಿದೆವು. “ಇದರಿಂದ ನಿನ್ನ ನಮಾಝ್ ಕಡಿಮೆಯಾಯಿತೇ?” ಎಂದು ಕೇಳಿದೆ. “ಇಲ್ಲ ಅಮ್ಮೀ” ಎಂದ. “ಹಾಗಾದರೆ ನಿನ್ನ ಪ್ರಯಾಣವೂ ಕಡಿಮೆಯಾಗಲಿಲ್ಲ” ಎಂದೆ.

ಇನ್ನೊಂದು ದಿನ ವಿಶ್ರಾಂತಿ ಪಡೆದು, ವೈದ್ಯರ ಒಪ್ಪಿಗೆ ಕೇಳಿ, ಫಜ್ರ್ ಮುಗಿಸಿ ಹೊರಟೆವು. ಕೀಲಿಯನ್ನು ನಾನೇ ಅವನ ಕೈಗೆ ಕೊಟ್ಟೆ. ಮತ್ತೆ ಕೆಳಗೆ ಬಂದೇ ಮಲಗುವುದೆಂದು ಮಾತಾಗಿತ್ತು. ಡೇರೆಯ ಹೆಂಗಸು ಅವನನ್ನು ಗುರುತಿಸಿ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನೂ ಮೇಲೆ, ಭಾಗಾ ನದಿ ಹುಟ್ಟುವ ಸೂರಜ್ ತಾಲ್ ಸರೋವರ. ಎರಡು ದಿನ ನಮ್ಮೊಡನೆ ಅಬ್ಬರಿಸುತ್ತಾ ಬಂದ ನದಿಯ ಮೂಲದಲ್ಲಿ ಒಂದಿಷ್ಟೂ ಸದ್ದಿಲ್ಲ! ಅದರಾಚೆ 4,890 ಮೀಟರ್ ಎತ್ತರದ ಬಾರಾಲಾಚಾ. ಮಗ ಫೋಟೋ ತೆಗೆಯಲಿಲ್ಲ. ನನ್ನ ಕೈ ಹಿಡಿದು ಹದಿನೈದು ನಿಮಿಷ ಸುಮ್ಮನೆ ನಿಂತ. ನಂತರ ಅವನೇ, “ಇಳಿಯೋಣ ಅಮ್ಮೀ, ನಾಲಾದಲ್ಲಿ ನೀರೇರುತ್ತದೆ” ಎಂದ.

ಲೇಹ್ ನೋಡಲಾಗಲಿಲ್ಲ, ರಜೆ ಮುಗಿದಿತ್ತು. ಅದು ಅಲ್ಲೇ ಇದೆ, ಇನ್ಶಾ ಅಲ್ಲಾಹ್ ಮತ್ತೊಮ್ಮೆ ಹೋದೇವು.

ಸಹೋದರಿಯರೇ, ನಿಮ್ಮ ಮನೆಯ ಹುಡುಗನೂ ಒಂದು ದಿನ ಬೆಟ್ಟಕ್ಕೆ ಹೊರಟಾನು. ಹೋಗಬೇಡವೆಂದು ಕಣ್ಣೀರು ಹಾಕಬೇಡಿ. ದಿನಕ್ಕೆ ಎಷ್ಟು ಕಿಲೋಮೀಟರ್ ಎಂದೂ ಕೇಳಬೇಡಿ. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀಯ, ಮೈ ಸರಿಯಿಲ್ಲದಿದ್ದರೆ ಯಾವ ದಾರಿಯಲ್ಲಿ ಇಳಿಯುತ್ತೀಯ ಎಂದು ಕೇಳಿ. ಉತ್ತರ ಅವನಲ್ಲಿದ್ದರೆ ದುಆ ಮಾಡಿ ಕಳಿಸಿಕೊಡಿ.