ಕೆಮ್ಮಿಗೂ ನೇಗಿಲಿಗೂ ಒಂದೇ ಬಾಲ

ಚಿಕ್ಕ ಮಕ್ಕಳ ಇಂಗ್ಲಿಷ್ ವರ್ಕ್‌ಶೀಟಿನಲ್ಲಿ ‘ಪದಗಳ ಕುಟುಂಬ’ ಎಂಬುದೊಂದು ಬರುತ್ತದೆ. ಒಂದು ಮನೆಯ ಚಿತ್ರ, ಸೂರಿನ ಮೇಲೆ ಎರಡೋ ಮೂರೋ ಅಕ್ಷರ, ಕಿಟಕಿಗಳಲ್ಲಿ ಆ ಅಕ್ಷರಗಳಿಂದ ಮುಗಿಯುವ ನಾಮಪದಗಳು. ಎ-ಟಿ ಮನೆಯಲ್ಲಿ ಕ್ಯಾಟ್, ಬ್ಯಾಟ್, ಹ್ಯಾಟ್, ಮ್ಯಾಟ್. ಎ-ಎನ್ ಮನೆಯಲ್ಲಿ ಮ್ಯಾನ್, ಫ್ಯಾನ್, ಪ್ಯಾನ್. ಜಗಳವಿಲ್ಲದ ಸಂಸಾರಗಳು. ಅಕ್ಕನ ಮೊಮ್ಮಗಳು ಇದನ್ನೆಲ್ಲ ರಾಗವಾಗಿ ಓದುವಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಬಾಲ ಒಂದೇ ಆದರೆ ಕೂಗೂ ಒಂದೇ ಎಂದು ನಂಬಿಸಿ ಈ ಕೂಸನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ ಇವರು? ಮುಂದೆ ಓ-ಯು-ಜಿ-ಎಚ್ ಎಂಬ ಮನೆಯೊಂದಿದೆ. ಅದರ ಚಿತ್ರ ಮಾತ್ರ ನಾನು ಕಂಡ ಯಾವ ಹಾಳೆಯಲ್ಲೂ ಇಲ್ಲ.

ಆ ಮನೆಯೊಳಗೆ ಹೊಕ್ಕು ನೋಡಿ. ಕೆಮ್ಮು ಕಾಫ್. ದನಕ್ಕೆ ನೀರು ಹಾಕುವ ಬಾನಿ ಟ್ರಾಫ್. ಇಲ್ಲಿಯವರೆಗೆ ಸರಿಯೇ. ಕಲಸಿದ ಹಿಟ್ಟು ಡೋ. ಮರದ ಕೊಂಬೆ ಬೌ, ನೇಗಿಲು ಪ್ಲೌ. ಐರ್ಲೆಂಡಿನ ಸರೋವರ ಲಾಖ್. ಕೆಸರುಗುಂಡಿ ಸ್ಲೌ; ಅಕ್ಷರ ಒಂದೂ ಬದಲಾಗದೆ ಅದೇ ಪದ ಹಾವಿನ ಪೊರೆಯಾದರೆ ಸ್ಲಫ್. ಪಟ್ಟಣಕ್ಕೆ ಇಂಗ್ಲೆಂಡಿನವರು ‘ಬರ’ ಎನ್ನುತ್ತಾರೆ. ನಮ್ಮ ಬರಕ್ಕೆ ಡ್ರೌಟ್ ಎನ್ನುತ್ತಾರೆ, ಅದೂ ಇದೇ ಮನೆಯದು, ಹಿಂದೊಂದು ಟಿ ಸಿಕ್ಕಿಸಿಕೊಂಡಿದೆ ಅಷ್ಟೆ. ಲಾರ್ಡ್ ಬ್ರೂಮ್ ಎಂಬ ದೊಡ್ಡ ಮನುಷ್ಯರ ಹೆಸರಿನಲ್ಲಿ ಒಂದು ಕುದುರೆ ಗಾಡಿಯಿದೆ; ಅದರ ನಡುಮನೆಯಲ್ಲೂ ಈ ನಾಲ್ಕು ಅಕ್ಷರ ತುಟಿ ಬಿಚ್ಚದೆ ಕೂತಿವೆ. ನೋಡಿದರೆ ಗಾಡಿ, ಕೇಳಿದರೆ ಪೊರಕೆ. ಲೆಸ್ಟರ್‌ಶೈರಿನಲ್ಲಿ ಒಂದು ಊರಂತೂ ಈ ಬಾಲವನ್ನು ಎರಡೆರಡು ಸಲ ಹೊತ್ತಿದೆ. ಮೊದಲನೆಯದು ‘ಅಫ್’, ಎರಡನೆಯದು ಬರೀ ‘ಅ’, ಒಟ್ಟಿಗೆ ಲಫ್‌ಬರ. ಕನ್ನಡ ಪತ್ರಿಕೆಯಲ್ಲಿ ಆ ಊರಿನ ಸುದ್ದಿ ಬರೆಯಬೇಕಾದ ಉಪಸಂಪಾದಕರನ್ನು ನೆನೆದು ಮರುಕವಾಗುತ್ತದೆ.

ಒಂದು ಮಾತು ಹೇಳಲೇಬೇಕು. ಕೆಮ್ಮು, ಹಿಟ್ಟು, ಬಾನಿ, ನೇಗಿಲು, ಕೊಂಬೆ, ಬರ, ಕೆಸರು: ಎಲ್ಲ ಹಟ್ಟಿಯ ಮಾತುಗಳೇ. ಲ್ಯಾಟಿನ್ ಓದಿದವರು ಮೇಲಿನಿಂದ ಇಳಿಸಿದ್ದಲ್ಲ, ಬೇಸಾಯಗಾರರು ಬಾಯಿಂದ ಬಾಯಿಗೆ ದಾಟಿಸಿದ್ದು. ಕೈಗೆ ಮಣ್ಣು ಮೆತ್ತಿಕೊಂಡವರ ಪದಗಳೇ ಕಾನ್ವೆಂಟಿನ ಮಕ್ಕಳನ್ನು ಹೀಗೆ ಆಟ ಆಡಿಸುತ್ತಿವೆ ಎಂಬುದು ನನಗೆ ಒಳಗೊಳಗೇ ಖುಷಿ.

ಇಂಗ್ಲಿಷ್ ಕಾಗುಣಿತವನ್ನು ಲೇವಡಿ ಮಾಡುವವರ ಜೇಬಿನಲ್ಲಿ ಒಂದು ಹಳೆಯ ಚಟಾಕಿ ಸದಾ ಇರುತ್ತದೆ. ಜಿ-ಎಚ್-ಓ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದಂತೆ: ‘ರಫ್’ನ ಫ್, ‘ವಿಮೆನ್’ನ ಇ, ‘ನೇಷನ್’ನ ಶ್. ಇದನ್ನು ಬರ್ನಾರ್ಡ್ ಶಾ ತಲೆಗೆ ಕಟ್ಟುವುದು ವಾಡಿಕೆ. ಆದರೆ 1855ರ ಒಂದು ಕಾಗದದಲ್ಲೇ ಈ ಚಟಾಕಿ ಇದೆ; ಶಾ ಹುಟ್ಟಿದ್ದು 1856ರಲ್ಲಿ. ಅಲ್ಲದೆ ಇಂಗ್ಲಿಷಿನ ಜಿ-ಎಚ್ ಪದದ ತಲೆಯಲ್ಲಿ ನಿಂತು ಯಾವತ್ತೂ ‘ಫ್’ ಎನ್ನುವುದಿಲ್ಲ. ಅದಕ್ಕೂ ಒಂದು ಮರ್ಯಾದೆಯಿದೆ.

ಮರ್ಯಾದೆ ಯಾರಿಗೆ ಎಂದರೆ, ಸತ್ತುಹೋದ ಒಂದು ಸದ್ದಿಗೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷರ ಗಂಟಲಿನಲ್ಲಿ ‘ಖ್’ ಎಂಬಂತೆ ಉಜ್ಜಿ ಬರುವ ಸದ್ದೊಂದಿತ್ತು. ಜರ್ಮನರು ಸಂಗೀತಗಾರ ಬಾಖ್‌ನ ಹೆಸರು ಹೇಳುವಾಗ ಇಂದಿಗೂ ಕೇಳುತ್ತದಲ್ಲ, ಅದೇ. ಮೊದಲು ಅದನ್ನು ಎಚ್ ಎಂದಷ್ಟೇ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಬಂದ ಮೇಲೆ, ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರ ಕೈಯಲ್ಲಿ ಕ್ರಮೇಣ ಜಿ ಮತ್ತು ಎಚ್ ಜೋಡಿಯಾಗಿ ನಿಂತವು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ. ಅಲ್ಲಿಂದ ಮುಂದೆ ಅಚ್ಚಿನ ಮೊಳೆಗಳು ಪದಗಳ ರೂಪವನ್ನು ಬಿಗಿಹಿಡಿಯುತ್ತ ಹೋದವು. ಗಂಟಲು ತನ್ನ ಪಾಡಿಗೆ ತಾನು ಸಡಿಲಾಗುತ್ತ ಹೋಯಿತು. ಕೆಲವು ಪದಗಳಲ್ಲಿ ಆ ಸದ್ದು ತುಟಿಗೆ ಬಂದು ಫ್ ಆಯಿತು, ಕೆಲವುಗಳಲ್ಲಿ ಹೇಳಹೆಸರಿಲ್ಲದೆ ಹೋಯಿತು. ಒಂದೇ ಪದ ಎರಡೂ ದಾರಿ ಹಿಡಿದದ್ದುಂಟು. ಡೋ ಎಂಬ ಹಿಟ್ಟನ್ನು ಉತ್ತರದ ಸೀಮೆಯಲ್ಲಿ ಡಫ್ ಎನ್ನುತ್ತಿದ್ದರು. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ‘ಪ್ಲಮ್ ಡಫ್’ ಎಂಬ ಸಿಹಿಗೆ ಹೆಸರು ಬಂದದ್ದು ಅಲ್ಲಿಂದಲೇ. ಈ ಮನೆಯಲ್ಲಿ ಒಬ್ಬ ಕಳ್ಳ ಸದಸ್ಯನೂ ಇದ್ದಾನೆ, ಬಿಕ್ಕಳಿಕೆ. ಅದು ಮೂಲದಲ್ಲಿ ಬರೀ ಹಿಕಪ್. ಕೆಮ್ಮಿನ ಬಂಧು ಇರಬೇಕೆಂದು ಯಾರೋ ಊಹಿಸಿ ಅದಕ್ಕೂ ಕೆಮ್ಮಿನ ಬಾಲ ಹೊಲಿದರು. ಬಾಲ ಬಂದರೂ ಬಿಕ್ಕಳಿಕೆ ಬಗ್ಗಲಿಲ್ಲ, ಇವತ್ತಿಗೂ ಹಿಕಪ್ ಎಂದೇ ಬಿಕ್ಕುತ್ತದೆ.

ಸರಿಪಡಿಸಲು ಹೊರಟವರಿಗೆ ಕಡಿಮೆಯಿಲ್ಲ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 300 ಪದಗಳಿಗೆ ಸುಲಭ ಕಾಗುಣಿತ ಬಳಸಬೇಕೆಂದು ಸರ್ಕಾರಿ ಮುದ್ರಣಾಲಯಕ್ಕೆ ಅಪ್ಪಣೆ ಕೊಟ್ಟರು. ಪತ್ರಿಕೆಗಳು ಹೊಟ್ಟೆ ಹಿಡಿದು ನಕ್ಕವು, ಜನಪ್ರತಿನಿಧಿ ಸಭೆ ಅದೇ ಡಿಸೆಂಬರಿನಲ್ಲಿ ನಿಘಂಟಿನ ಪರ ನಿಂತಿತು, ಅಧ್ಯಕ್ಷರು ಸುಮ್ಮನಾದರು. ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ 1934ರಿಂದ ತನ್ನದೇ ಮೊಟಕು ಕಾಗುಣಿತ ಹಿಡಿದು ಹಟಮಾಡಿತು. 1975ರಲ್ಲಿ ಅದೂ ಕೈಬಿಟ್ಟಿತು. ಸೈನ್ಯ, ಖಜಾನೆ ಎಲ್ಲ ಕೈಯಲ್ಲಿದ್ದವರಿಗೂ ನಾಲ್ಕು ಅಕ್ಷರ ಬಗ್ಗಲಿಲ್ಲ.

ಇಷ್ಟು ಹೇಳುವ ಹೊತ್ತಿಗೆ ನಮ್ಮವರು ಯಾರಾದರೂ ‘ನಮ್ಮ ಕನ್ನಡ ನೋಡಿ, ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ’ ಎಂದು ಎದೆ ತಟ್ಟಿಕೊಳ್ಳುತ್ತಾರೆ. ‘ಋಷಿ’ ಎಂದು ಬರೆದು ನಮ್ಮಲ್ಲಿ ಬಹಳ ಮಂದಿ ‘ರುಶಿ’ ಎನ್ನುವುದನ್ನು ಸದ್ಯಕ್ಕೆ ಬಿಡೋಣ. ನಮ್ಮ ಗಂಟಲಲ್ಲೂ ಒಂದು ಸದ್ದು ಸತ್ತಿದೆ. ೞ. ತಮಿಳರು, ಮಲಯಾಳಿಗಳು ಇನ್ನೂ ನಾಲಿಗೆ ಮಡಿಸಿ ಹೇಳುವ ಸದ್ದು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳ ಎಂದು ಬೇರೆ ಬೇರೆ ಮಾಡಿ, ಯಾವ ಪದದಲ್ಲಿ ೞ ಬರಬೇಕೆಂದು ಪಟ್ಟಿ ಹಾಕುತ್ತಾನೆ. ಪಟ್ಟಿ ಹಾಕಬೇಕಾಗಿ ಬಂತೆಂದರೆ ಜನ ಆಗಲೇ ೞ, ಳ ಎರಡನ್ನೂ ಬೆರೆಸತೊಡಗಿದ್ದರು ಎಂದೇ ನನ್ನ ಲೆಕ್ಕ. ವ್ಯಾಕರಣದವರು ಪಟ್ಟಿ ತೆಗೆಯುವುದು ಮನೆಗೆ ಕಳ್ಳ ನುಗ್ಗಿದ ಮೇಲೆ.

ಸತ್ತ ಬಗೆಯೂ ಇಂಗ್ಲಿಷಿನದರ ಹಾಗೇ ಇದೆ. ಎಲ್ಲ ಕಡೆ ಒಂದೇ ಥರ ಅಲ್ಲ. ಮೞೆ ಮಳೆಯಾಯಿತು, ಏೞು ಏಳಾಯಿತು, ಬಾೞೆ ಬಾಳೆಯಾಯಿತು. ಆದರೆ ಪೊೞ್ತು ಹೊತ್ತಾಯಿತು. ಕೞ್ತೆ ಕತ್ತೆಯಾಯಿತು. ಒಂದು ಕಡೆ ವೇಷ ಬದಲಿಸಿತು, ಇನ್ನೊಂದು ಕಡೆ ಪಕ್ಕದವನೊಳಗೆ ಕರಗಿತು. ವ್ಯತ್ಯಾಸ ಇಷ್ಟೆ: ನಾವು ಸದ್ದಿನ ಹಿಂದೆಯೇ ಅಕ್ಷರವನ್ನೂ ಸಾಗಹಾಕಿದೆವು. ಇಂಗ್ಲಿಷರ ಹಾದಿ ಹಿಡಿದಿದ್ದರೆ ಇವತ್ತು ಒಂದನೇ ಕ್ಲಾಸಿನ ಮಗು ಕೞ್ತೆ ಎಂದು ಬರೆದು ಕತ್ತೆ ಎಂದು ಓದಬೇಕಿತ್ತು. ತಪ್ಪಿದರೆ ಮೇಷ್ಟ್ರು ಅದೇ ಪದದಿಂದ ಕರೆಯುತ್ತಿದ್ದರು.

ಮಕ್ಕಳ ಬೆನ್ನು ಉಳಿಯಿತು, ಒಪ್ಪಿದೆ. ಹೋದದ್ದೂ ಇದೆ. ತಮಿಳರ ಕೞುದೈ ನಮ್ಮ ಕತ್ತೆಯ ಒಡಹುಟ್ಟು ಎಂದು ಈಗ ಪಂಡಿತರು ಬಂದು ಹೇಳಬೇಕು. ಅಕ್ಷರ ಉಳಿದಿದ್ದರೆ ಚೆನ್ನೈನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಸಾಮಾನ್ಯ ಕನ್ನಡಿಗನಿಗೂ ಗೊತ್ತಾಗುತ್ತಿತ್ತು. ಆ ಕಡೆ ಇಂಗ್ಲಿಷಿನ ಬಾಲ ನೋಡಿ: ಅವರ ಪ್ಲೌ ಜರ್ಮನಿಯ ಪ್ಫ್ಲೂಗ್, ಅವರ ಟ್ರಾಫ್ ಅಲ್ಲಿಯ ಟ್ರೋಗ್, ಅವರ ಬರ ಅಲ್ಲಿಯ ಬುರ್ಗ್. ಬಾಯಿ ಮರೆತ ನಂಟನ್ನು ಮೂಕ ಜಿ ಇನ್ನೂ ಕಾಗದದ ಮೇಲೆ ಹಿಡಿದುಕೊಂಡಿದೆ. ಸಿಟ್ಟಿನಲ್ಲಿ ಶುರುಮಾಡಿದ ನನಗೆ ಇಲ್ಲಿಗೆ ಬರುವಷ್ಟರಲ್ಲಿ ಆ ನಾಲ್ಕು ಅಕ್ಷರದ ಮೇಲೆ ಕೊಂಚ ಹೊಟ್ಟೆಕಿಚ್ಚೇ ಹುಟ್ಟಿದೆ. ಮೊಮ್ಮಗಳಿಗೆ ಇದನ್ನು ಹೇಳಲು ಹೋಗಿ ‘ಅಜ್ಜಾ, ಪರೀಕ್ಷೆಗೆ ಬರುತ್ತಾ?’ ಎಂದು ಕೇಳಿಸಿಕೊಂಡೆ. ಬರುವುದಿಲ್ಲ.

ನಮ್ಮ ೞ ಈಗ ಕಂಪ್ಯೂಟರಿನಲ್ಲಿದೆ. ಜಗತ್ತಿನ ಲಿಪಿಗಳನ್ನೆಲ್ಲ ಪಟ್ಟಿಮಾಡಿದ ಯೂನಿಕೋಡಿನವರು ಹಳಗನ್ನಡದ ಈ ಅಕ್ಷರಕ್ಕೂ ಒಂದು ಜಾಗ ಕೊಟ್ಟಿದ್ದಾರೆ, ಅವರ ಪಟ್ಟಿಯಲ್ಲಿ ಅಕ್ಷರಕ್ಕೊಂದು ಇಂಗ್ಲಿಷ್ ಹೆಸರೂ ಇರುತ್ತದೆ. ೞ ಎದುರಿಗೆ ಅವರು ತಪ್ಪಾಗಿ ಬರೆದ ಹೆಸರು ‘ಕನ್ನಡ ಲೆಟರ್ ಫ’. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಹಾಗಾಗಿ ಪಕ್ಕದಲ್ಲಿ ತಪ್ಪೆಂದು ಷರಾ ಹಾಕಿ, ಸರಿಯಾದದ್ದನ್ನು ಉಪನಾಮವಾಗಿ ಸೇರಿಸಿ, ತಪ್ಪನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ. ಬರೆಯುವುದು ೞ, ಕರೆಯುವುದು ಫ. ಕೆಮ್ಮಿನ ಕೊನೆಗೆ ಬರುತ್ತದಲ್ಲ, ಅದೇ ಫ.